ಅಧ್ಯಕ್ಷರ ಡಿಕ್ಕಿ

ಪುರಸಭೆ ಅಧ್ಯಕ್ಷ ಚಿಕ್ಕವೀರಪ್ಪನವರ ಡೀಸೆಲ್ ಕಾರು ಏರು ಕಂಡರೆ ಏದುಸಿರು ಬಿಡುತ್ತಿತ್ತು. ಮೊನ್ನೆಯಂತೂ ಮೆರವಣಿಗೆಯ ನಡುವೆ ಬೆಂಬಲಿಗರೇ ಇಳಿದು ತಳ್ಳಬೇಕಾಯಿತು. ಆ ಅವಮಾನದಲ್ಲಿ ಕುದಿಯುತ್ತಲೇ ಅವರು ಮೆಕ್ಯಾನಿಕ್ ದಸ್ತಗೀರನ ಶೆಡ್ಡಿಗೆ ಬಂದರು.

“ಲೋ, ಇಂಜಿನ್ ರೀಮ್ಯಾಪ್ ಮಾಡು. ಕಾರು ಕುದುರೆ ಥರ ಓಡಬೇಕು, ಡೀಸೆಲ್ ಇರುವೆಯಷ್ಟು ಕುಡೀಬೇಕು. ಸಂಜೆಯೊಳಗೆ ಆಗದಿದ್ರೆ ನಿನ್ನ ಶೆಡ್ಡಿಗೆ ಬೀಗ!”

ರೀಮ್ಯಾಪ್ ಅಂದರೆ ಇಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರ ತಿದ್ದುವುದು. ದಸ್ತಗೀರನ ಬಳಿ ಅದಕ್ಕೆ ಬೇಕಾದ ಯಂತ್ರವೇ ಇರಲಿಲ್ಲ. ಆದರೂ “ಆಗ್ಲಿ ಸಾರ್” ಅಂದ.

ಸಂಜೆ ಕಾರು ಗುಡ್ಡದ ರಸ್ತೆಯನ್ನು ಸಲೀಸಾಗಿ ಹತ್ತಿತು. ಹಿಗ್ಗಿದ ಅಧ್ಯಕ್ಷರು ದಸ್ತಗೀರನಿಗೆ ಹೊದಿಸಲು ಶಾಲು ಹಿಡಿದು ಮರಳಿದರೆ, ಶೆಡ್ಡಿನ ಮುಂದೆ ಊರೇ ನೆರೆದಿತ್ತು. ಗೋಡೆಗೊರಗಿ ನಿಂತಿದ್ದವು ಅಡಿಗಲ್ಲುಗಳು: ಆಸ್ಪತ್ರೆ, ಬಸ್ ನಿಲ್ದಾಣ, ಹೆಣ್ಣುಮಕ್ಕಳ ಹಾಸ್ಟೆಲ್. ಎಲ್ಲದರ ಮೇಲೂ ಚಿಕ್ಕವೀರಪ್ಪನವರದೇ ಹೆಸರು. ಪೂಜೆ ಮಾಡಿ, ಫೋಟೊ ತೆಗೆಸಿಕೊಂಡು, ಕಲ್ಲನ್ನು ಮತ್ತೆ ಡಿಕ್ಕಿಗೆ ಹಾಕಿಕೊಂಡು ಹೋಗುವುದು ಅವರ ರೂಢಿ. ಮುಂದಿನ ಚುನಾವಣೆಗೂ ಅದೇ ಕಲ್ಲು ಬೇಕಲ್ಲ!

ಅಧ್ಯಕ್ಷರು ದಸ್ತಗೀರನ ಮೇಲೆ ರೇಗಿದರು. “ಏನೋ ಮಾಡಿದೆ?”

“ಇಂಜಿನ್ ಮುಟ್ಟಿಲ್ಲ ಸಾರ್. ಭಾರ ಇಳಿಸ್ದೆ, ಅಷ್ಟೆ.”

“ವಾಪಸ್ ತುಂಬು!”

“ತುಂಬ್ತೀನಿ. ಆದ್ರೆ ಮತ್ತೆ ಇವರೇ ತಳ್ಳಬೇಕಾಗುತ್ತೆ.”

ತಳ್ಳಿದವರೆಲ್ಲ ಅಲ್ಲೇ ನಿಂತು ಕಲ್ಲು ಓದುತ್ತಿದ್ದರು. ಅಧ್ಯಕ್ಷರು ಗಡಿಬಿಡಿಯಲ್ಲಿ ಶಾಲನ್ನು ಆಸ್ಪತ್ರೆಯ ಕಲ್ಲಿಗೆ ಹೊದಿಸಿ ತಮ್ಮ ಹೆಸರು ಮುಚ್ಚಿದರು. ಮುದುಕಿಯೊಬ್ಬಳು ಶಾಲು ಸರಿಸಿ ನೋಡಿ, ಶೆಡ್ಡಿನೊಳಗೆ ಇಣುಕಿ ಕೇಳಿದಳು:

“ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರಪ್ಪಾ?”

ಯಾರೂ ನಗಲಿಲ್ಲ. ಅಧ್ಯಕ್ಷರು ಕಾರನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿ, ನಡೆದುಕೊಂಡೇ ಮನೆಗೆ ಹೋದರು.