ತೂಕಡಿಸುತ್ತಿದ್ದ ಕಾರ್ಡು

"ಗುರುಗಳೇ, ಮನುಷ್ಯನ ಮೊದಲ ಮಾತನ್ನೂ ಲೆಕ್ಕಕ್ಕೆ ಹಿಡಿಯಬೇಕೇ?" ಎಂದು ಅಡವೀಶ ಕೇಳಿದ.

ಮಠಕ್ಕೆ ಬಂದವರಿಗೆ ಔಷಧಿ ಕೊಡುವ ಕೆಲಸ ಅವನದು. ಕೈಯಲ್ಲಿ ಒಂದು ಕಾಗದದ ಪೊಟ್ಟಣ ಹಿಡಿದುಕೊಂಡೇ ಬಂದು ಕೂತಿದ್ದ.

"ಏನಾಯಿತು, ಬಿಡಿಸಿ ಹೇಳು."

"ಯಾರಾದರೂ ತಟ್ಟನೆ ಕರೆದರೆ ನನ್ನ ಬಾಯಿಂದ ಸಿಡುಕೇ ಮೊದಲು ಬರುತ್ತದೆ. ಇವತ್ತು ಬೆಳಗಿನ ಜಾವ ಒಬ್ಬ ಅಜ್ಜಿ, ಮೊಮ್ಮಗಳಿಗೆ ಜ್ವರವೆಂದು ಬಾಗಿಲು ತಟ್ಟಿದಳು. 'ಹೊತ್ತು ಗೊತ್ತು ಇಲ್ಲವೇ ನಿಮಗೆ' ಅಂದುಬಿಟ್ಟೆ. ಆದರೆ ಮರುಕ್ಷಣವೇ ಮನಸ್ಸು ಕರಗಿತು. ಎದ್ದು ಕೈಕಾಲು ತೊಳೆದು ಒಳ್ಳೆಯ ಔಷಧಿಯನ್ನೇ ಅರೆದು ಕಟ್ಟಿದೆ. ಮೊದಲು ಬಂದದ್ದು ನಿದ್ದೆಗಣ್ಣಿನ ಮಾತು. ಆಮೇಲೆ ಎದ್ದು ಕೆಲಸ ಮಾಡಿದವನೇ ನಿಜವಾದ ನಾನು, ಅಲ್ಲವೇ?"

ಗುರುಗಳು ಅವನನ್ನೂ ಅವನ ಕೈಯನ್ನೂ ನೋಡಿದರು. ಸನ್ಯಾಸಕ್ಕೆ ಮುಂಚೆ ಅವರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸದಲ್ಲಿದ್ದವರು. ಹಾಗಾಗಿ ಅವರ ಕತೆಗಳಲ್ಲಿ ನರಿ, ಕಾಗೆ ಬರುವುದು ಕಡಿಮೆ.

"ಒಂದು ಕತೆ ಹೇಳುತ್ತೇನೆ," ಎಂದರು. "ನಡುವೆ ತೂಕಡಿಸಬೇಡ."

ಒಂದು ನದಿ ಇತ್ತಪ್ಪ. ಮೇಲೆ ಗುಡ್ಡ, ಕೆಳಗೆ ದಂಡೆಯ ಉದ್ದಕ್ಕೂ ಮನೆಗಳು. ಗುಡ್ಡದಲ್ಲಿ ಮಳೆ ಬಿದ್ದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ದಂಡೆಯವರಿಗೆ ಮೊದಲೇ ಹೇಳಬೇಕು. ಅದಕ್ಕೆಂದೇ ಒಂದು ಕಚೇರಿ, ಆ ಕಚೇರಿಯಲ್ಲಿ ಸಾಲಾಗಿ ಕಂಪ್ಯೂಟರುಗಳು. ಒಂದೊಂದು ಕಂಪ್ಯೂಟರಿಗೂ ನದಿಯ ಒಂದೊಂದು ತುಂಡು. ತನ್ನ ತುಂಡಿನ ಲೆಕ್ಕ ಮಾಡಿ ಅದು ಪಕ್ಕದ್ದಕ್ಕೆ ಹೇಳಬೇಕು. ಎಲ್ಲವೂ ಹೇಳಿ ಮುಗಿಸಿದ ಮೇಲೇ ಮುಂದಿನ ಹೆಜ್ಜೆ. ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ಕೊನೆಯವನು ಉಂಡು ಮುಗಿಸುವ ತನಕ ಮೊದಲನೆಯವನೂ ಏಳುವಂತಿಲ್ಲ.

ಒಬ್ಬ ವ್ಯಾಪಾರಿ ಆ ಕಚೇರಿಗೆ ಹೊಸ ಈಥರ್ನೆಟ್ ಕಾರ್ಡುಗಳನ್ನು ತಂದ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವುದು ಈ ಕಾರ್ಡೇ. ಕಾರ್ಡು ಸರಿಯಿದೆಯೋ ಇಲ್ಲವೋ ನೋಡಿ ಒಪ್ಪಿಗೆಯ ಮುದ್ರೆ ಒತ್ತಲು ಒಬ್ಬಳು ಪರೀಕ್ಷಕಿ ಇದ್ದಳು.

ಆ ಕೆಲಸದವರಿಗೆ ಒಂದು ರೂಢಿ. ಪರೀಕ್ಷೆ ಶುರುವಾದಾಗ ಕಾರ್ಡು ಸಾಗಿಸುವ ಮೊದಲ ಕೆಲವು ಸಂದೇಶಗಳನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಂತ್ರ ಇನ್ನೂ ಬಿಸಿಯಾಗಿಲ್ಲ, ಬಿಡು ಎನ್ನುತ್ತಾರೆ. ಆಮೇಲೆ ಬಿಡುವಿಲ್ಲದೆ ಸಂದೇಶ ಕಳಿಸಿ, ಒಂದೊಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತಾರೆ. ಅವಳೂ ಹಾಗೇ ಅಳೆದಳು. ಕಾರ್ಡು ಬಾಣದ ಹಾಗೆ ಓಡಿತು. ವ್ಯಾಪಾರಿಗೆ ಸಂತೋಷವಾಯಿತು.

ಆದರೆ ಅವಳು ಕೂಡಲೇ ಮುದ್ರೆ ಒತ್ತಲಿಲ್ಲ. ಕಾರ್ಡುಗಳನ್ನು ಜೋಡಿಸಿ, ಹಿಂದಿನ ವರ್ಷದ ಪ್ರವಾಹದ ಲೆಕ್ಕವನ್ನೇ ಇನ್ನೊಮ್ಮೆ ಮಾಡಿಸಿ ನೋಡಿದಳು. ಉತ್ತರ ಸರಿಯಾಗಿಯೇ ಬಂತು. ಆದರೆ ನಿಜವಾದ ಪ್ರವಾಹವಾಗಿದ್ದರೆ, ಅದು ಬರುವ ಹೊತ್ತಿಗೆ ದಂಡೆಯ ಮನೆಗಳು ಮುಳುಗಿ ಹೋಗಿರುತ್ತಿದ್ದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಲೆಕ್ಕ.

ಮತ್ತೆ ಕಾರ್ಡನ್ನು ಪರೀಕ್ಷಿಸಿದಳು. ಮತ್ತೆ ಬಾಣ. ಮತ್ತೆ ನದಿಯ ಲೆಕ್ಕ ಮಾಡಿಸಿದಳು. ಮತ್ತೆ ತಡ. ಕೇಬಲ್ ಬದಲಾಯಿಸಿದಳು, ಕಂಪ್ಯೂಟರ್ ಬದಲಾಯಿಸಿದಳು, ಏನೂ ಪ್ರಯೋಜನವಾಗಲಿಲ್ಲ.

ವ್ಯಾಪಾರಿ ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಾರ್ಡು ಸರಿಯಿದೆ ಎಂದು ನಿನ್ನ ಪರೀಕ್ಷೆಯೇ ಹೇಳುತ್ತಿದೆಯಲ್ಲಮ್ಮ."

ಕಚೇರಿಯ ಹಿರಿಯನೂ ಅವಸರ ಮಾಡಿದ. ಮಳೆಗಾಲ ಹತ್ತಿರ ಬಂತು, ಒತ್ತಿ ಮುಗಿಸು ಎಂದ.

"ದಂಡೆಯವರಿಗೆ ಮಕ್ಕಳು ಮರಿ ಎತ್ತಿಕೊಂಡು ಗುಡ್ಡ ಹತ್ತುವಷ್ಟು ಹೊತ್ತು ಸಿಗಬೇಕು. ಸಿಗುವ ತನಕ ನಾನು ಮುದ್ರೆ ಒತ್ತುವುದಿಲ್ಲ," ಎಂದಳು. ಹಿರಿಯ ಸಿಟ್ಟಾದ. ಅವಳಿಗೆ ಭಯವಾಯಿತು, ಆದರೂ ಮುದ್ರೆಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು. ಹಟಮಾರಿ ಹೆಂಗಸು. ಅಂಥವರು ಊರಿಗೊಬ್ಬರಾದರೂ ಇರಬೇಕು.

ಕಾರ್ಡಿನ ತಪ್ಪು ಹುಡುಕುವುದನ್ನು ಬಿಟ್ಟು ಅವಳು ತನ್ನ ಪರೀಕ್ಷೆಯ ತಪ್ಪನ್ನು ಹುಡುಕಲು ಕೂತಳು. ಪರೀಕ್ಷೆಯಲ್ಲಿ ಮಾತು ನಿಲ್ಲುವುದೇ ಇಲ್ಲ. ನದಿಯ ಲೆಕ್ಕ ಹಾಗಲ್ಲ. ಕಂಪ್ಯೂಟರು ಸ್ವಲ್ಪ ಹೊತ್ತು ಸುಮ್ಮನೆ ಲೆಕ್ಕ ಮಾಡುತ್ತದೆ, ಒಂದು ಮಾತು ಹೇಳುತ್ತದೆ, ಮತ್ತೆ ಸುಮ್ಮನಾಗುತ್ತದೆ. ಇದು ಹೊಳೆದಾಗ ಅವಳು ರೂಢಿಯನ್ನು ಪಕ್ಕಕ್ಕಿಟ್ಟಳು. ಕಾರ್ಡನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಒಂದೇ ಒಂದು ಸಂದೇಶ ಕಳಿಸಿದಳು. ಅದು ತಡವಾಗಿ ಮುಟ್ಟಿತು. ಮತ್ತೆ ಸುಮ್ಮನೆ ಬಿಟ್ಟು ಇನ್ನೊಂದು ಕಳಿಸಿದಳು. ಅದೂ ತಡ.

ಕಾರ್ಡು ತೂಕಡಿಸುತ್ತಿತ್ತು. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ನಿದ್ದೆ ಹೋಗುವಂತೆ ಅದನ್ನು ಮಾಡಿದ್ದರು. ಕರೆದರೆ ಏಳುತ್ತಿತ್ತು, ಎದ್ದ ಮೇಲೆ ಓಡುತ್ತಿತ್ತು. ಏಳುವ ಹೊತ್ತು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಆದರೆ ನದಿಯ ಲೆಕ್ಕಕ್ಕೆ ಕೋಟಿ ಕೋಟಿ ಹೆಜ್ಜೆ, ಹೆಜ್ಜೆಗೊಂದು ನಿದ್ದೆ. ಹನಿಗೂಡಿ ಹಳ್ಳವಾಯಿತು. ರೂಢಿಯ ಹೆಸರಿನಲ್ಲಿ ಅವಳು ಇಷ್ಟು ದಿನ ಎಸೆಯುತ್ತಿದ್ದದ್ದು ಅದೇ ಎದ್ದೇಳುವ ಹೊತ್ತನ್ನು.

ವ್ಯಾಪಾರಿಯನ್ನು ಕರೆಸಿ ತೋರಿಸಿದಳು. ಅವನು ಒಪ್ಪಲಿಲ್ಲ. "ಅದು ಬರೀ ಮೊದಲನೆಯ ಮಾತು. ಆಮೇಲೆ ನೋಡು, ಎಷ್ಟು ಚುರುಕಾಗಿದೆ."

"ನಮ್ಮ ಕೆಲಸದಲ್ಲಿ ಇದು ಆಡುವುದೆಲ್ಲ ಮೊದಲನೆಯ ಮಾತೇ ಸ್ವಾಮಿ," ಎಂದಳು.

ಅವನ ಕೈಯಿಂದಲೇ ಕಾರ್ಡುಗಳ ನಿದ್ದೆ ತೆಗೆಸಿದಳು. ನದಿಯ ಲೆಕ್ಕ ಮಾಡಿಸಿ, ಉತ್ತರ ಹೊತ್ತಿಗೆ ಸರಿಯಾಗಿ ಬಂದ ಮೇಲೆ ಪೆಟ್ಟಿಗೆಯ ಬೀಗ ತೆಗೆದು ಮುದ್ರೆ ಒತ್ತಿದಳು. ಆ ವರ್ಷವೂ ನದಿ ಉಕ್ಕಿತು. ನೀರು ಹೊಸ್ತಿಲು ದಾಟಿ ಒಳಗೆ ಹೋದಾಗ ಯಾವ ಮನೆಯಲ್ಲೂ ಜನ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

ಅಡವೀಶ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಆಕೆ ಮಾಡಿದ್ದು ಸರಿ. ಆದರೆ ಅದು ಯಂತ್ರದ ಮಾತಾಯಿತು. ಮನುಷ್ಯರ ನಡುವೆ ಹಾಗಲ್ಲವಲ್ಲ ಗುರುಗಳೇ. ಎರಡನೆಯ ಮಾತು ಕೇಳುವಷ್ಟು ಹೊತ್ತು ಎದುರಿಗಿದ್ದವರು ಕಾಯುತ್ತಾರೆ."

ಗುರುಗಳು ಅವನ ಕೈಯ ಕಡೆ ಬೆರಳು ತೋರಿಸಿದರು.

"ಕಾದಿದ್ದರೆ ಆ ಪೊಟ್ಟಣ ಇಷ್ಟು ಹೊತ್ತಿಗೆ ಅಜ್ಜಿಯ ಕೈಯಲ್ಲಿರುತ್ತಿತ್ತಪ್ಪ."