ಊರೂಟ ಮತ್ತು ಮೋರಿ

“ಬುದ್ಧೀ, ಊರಲ್ಲಿ ವಾಂತಿಭೇದಿ ಹಬ್ಬಿದೆ. ಇಂಥ ಹೊತ್ತಿನಲ್ಲಿ ಕೆಲವರು ಚಾವಡಿಯಲ್ಲಿ ನಿಂತು, ಚುನಾವಣೆಗೆ ನಿಂತವರ ಖರ್ಚನ್ನು ಯಾರು ಕೊಡುತ್ತಾರೆ, ಅದಕ್ಕೊಂದು ಕಟ್ಟಳೆ ಬೇಕು ಎಂದು ಕೂಗಾಡುತ್ತಿದ್ದಾರೆ. ಮೊದಲು ಜನ ಬದುಕಬೇಡವೇ? ಇದು ಆ ಮಾತಿಗೆ ಕಾಲವೇ?”

ಭಿಕ್ಷೆಯಿಂದ ಬಂದ ಮರುಳಯ್ಯ ಜೋಳಿಗೆಯನ್ನು ಕಂಬದ ಬದಿಗಿಟ್ಟು ಹೀಗೆ ಕೇಳಿದ. ಕಾಯಿಲೆಗೆ ಹೆದರಿ ಊರಿನವರು ಬಾಗಿಲು ಮುಚ್ಚಿಕೊಂಡು ವಾರವಾಗಿತ್ತು. ಆದರೂ ಜೋಳಿಗೆ ತುಂಬಿತ್ತು. ಮಠದ ಗುರುಗಳು ಅದನ್ನೊಮ್ಮೆ ನೋಡಿದರು, ಆಮೇಲೆ ಶಿಷ್ಯನನ್ನು ನೋಡಿದರು.

“ಕೂತುಕೋ. ಈ ಪ್ರಶ್ನೆಯನ್ನು ಹಿಂದೆ ಇನ್ನೊಂದು ಊರೂ ಕೇಳಿತ್ತು,” ಎಂದು ಕತೆ ಶುರುಮಾಡಿದರು.

ಆ ಊರಿನಲ್ಲಿ ಯಜಮಾನನನ್ನು ಜನರೇ ಆರಿಸುತ್ತಿದ್ದರು. ಆದರೆ ಒಂದು ಪದ್ಧತಿ ಇತ್ತು. ಯಜಮಾನನಾಗಬೇಕೆನ್ನುವವನು ಮೊದಲು ಊರಿಗೆಲ್ಲ ಊಟ ಹಾಕಿಸಬೇಕು. ಅದಕ್ಕೆ ಊರೂಟ ಎನ್ನುತ್ತಿದ್ದರು. ಪಾಯಸ ಚೆನ್ನಾಗಿದ್ದರೆ ಹಾಕಿಸಿದವನೂ ಒಳ್ಳೆಯವನು ಎಂದು ಆ ಜನ ತಿಳಿದಿದ್ದರು. ನಗಬೇಡ ಮರುಳಯ್ಯ, ಪಾಯಸ ಕಂಡರೆ ನೀನೂ ಹಾಗೆಯೇ.

ಒಬ್ಬ ರೈತ ಯಜಮಾನನಾಗಲು ನಿಂತ. ಒಳ್ಳೆಯ ಮನುಷ್ಯ. ಒಬ್ಬರ ಬದು ಒತ್ತಿದವನಲ್ಲ, ಒಬ್ಬರಿಗೆ ಸುಳ್ಳು ಹೇಳಿದವನಲ್ಲ. ಆದರೆ ಊರಿಗೆಲ್ಲ ಬಡಿಸುವಷ್ಟು ಅಕ್ಕಿ ಅವನಲ್ಲಿ ಎಲ್ಲಿಂದ ಬರಬೇಕು? ಎತ್ತಿನ ಗಾಡಿಗಳನ್ನು ಇಟ್ಟಿದ್ದ ಒಬ್ಬ ವ್ಯಾಪಾರಿ ಕೊಪ್ಪರಿಗೆ, ಅಕ್ಕಿ, ತುಪ್ಪ, ಅಡಿಗೆಯವರು, ಎಲ್ಲವನ್ನೂ ಕಳಿಸಿಕೊಟ್ಟ. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಜನ ಉಂಡರು, ಕೈ ತೊಳೆದರು, ರೈತನನ್ನು ಯಜಮಾನನನ್ನಾಗಿ ಮಾಡಿದರು.

ಆ ವ್ಯಾಪಾರಿಯ ಕೊಟ್ಟಿಗೆ ಕೆರೆಯ ಮೇಲುಗಡೆ ಇತ್ತು. ಎತ್ತುಗಳ ಗಂಜಲ, ಗಾಡಿಯಾಳುಗಳ ಕಕ್ಕಸಿನ ನೀರು, ಎಲ್ಲ ಒಂದು ಮೋರಿಯಲ್ಲಿ ಹರಿದು ಕೆರೆಗೆ ಬೀಳುತ್ತಿತ್ತು. ಊರಿಗೆ ಕುಡಿಯಲು ಇದ್ದದ್ದು ಅದೊಂದೇ ಕೆರೆ.

ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಬೆಳಿಗ್ಗೆ ಮಾತಾಡಿಸಿದವರು ಸಂಜೆಗೆ ಇರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಯಾರಾದರೂ ಓಕರಿಸಿದ ಸದ್ದು ಕೇಳಿದರೆ ಜನ ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತಿದ್ದರು. ಊರಿನ ವೈದ್ಯ ಕೆರೆಯ ಸುತ್ತ ನಡೆದು ನೋಡಿ ಬಂದು ಯಜಮಾನನಿಗೆ ಹೇಳಿದ: “ಆ ಮೋರಿ ಮುಚ್ಚಿಸಿ. ಅದು ಹರಿಯುವವರೆಗೆ ನನ್ನ ಔಷಧಿ ನಾಟುವುದಿಲ್ಲ.”

ಯಜಮಾನ ವ್ಯಾಪಾರಿಯ ಮನೆಗೆ ಹೋದ. ವ್ಯಾಪಾರಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡ, ಮಣೆ ಹಾಕಿದ, ಮಜ್ಜಿಗೆ ಕೊಟ್ಟ. ಊರೂಟದ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ ಯಜಮಾನನಿಗೆ ಸಿಟ್ಟಾದರೂ ಬರುತ್ತಿತ್ತು. ಅವನು ಮಜ್ಜಿಗೆ ಕುಡಿದು, ಈ ಸಲದ ಬಿಸಿಲಿನ ಬಗ್ಗೆ ಮಾತಾಡಿ, ಎದ್ದು ಬಂದ. ದಾರಿಯಲ್ಲಿ ನಾಚಿಕೆಯಿಂದ ಅವನಿಗೆ ಅಳುವೇ ಬಂತು. ಆದರೂ ತಿರುಗಿ ಹೋಗಲಿಲ್ಲ.

ಊರಿನವರೆಲ್ಲ ಚಾವಡಿಯಲ್ಲಿ ಸಭೆ ಸೇರಿದರು. ದೇವರಿಗೆ ಹರಕೆ ಹೊರುವುದೋ, ದೂರದ ವೈದ್ಯರನ್ನು ಕರೆಸುವುದೋ ಎಂದು ಚರ್ಚೆ ನಡೆಯಿತು. ಆಗ ಒಬ್ಬ ಹೆಂಗಸು ಎದ್ದು ನಿಂತಳು. ಅವಳ ಮಗ ಹಿಂದಿನ ವಾರ ತೀರಿಕೊಂಡಿದ್ದ. ಉಳಿದ ಒಬ್ಬಳೇ ಮಗಳು ಆ ಬೆಳಿಗ್ಗೆ ಹಾಸಿಗೆ ಹಿಡಿದಿದ್ದಳು.

“ಅಣ್ಣಂದಿರಾ, ಮೋರಿ ಯಾಕೆ ಮುಚ್ಚಲಿಲ್ಲ ಅಂತ ನಮಗೆಲ್ಲ ಗೊತ್ತು. ನಾವೂ ಉಂಡಿದ್ದೇವಲ್ಲ! ಇನ್ನು ಊರೂಟ ಬೇಡ ಅಂತ ಇವತ್ತೇ ಕಟ್ಟು ಮಾಡಿ. ಅವರವರ ಬುತ್ತಿ ಅವರವರು ತಂದು ಯಜಮಾನರನ್ನ ಇನ್ನೊಂದು ಸಲ ಆರಿಸೋಣ. ಆಗ ವ್ಯಾಪಾರಿಯ ಮುಂದೆ ಅವರಿಗೆ ಬಾಯಿ ಬರುತ್ತೆ.”

“ಮಕ್ಕಳು ಸಾಯ್ತಾ ಇರೋವಾಗ ನಿನಗೆ ಊಟದ ಚಿಂತೆಯೇನಮ್ಮ?” ಎಂದು ಹಿರಿಯರು ಗದರಿದರು. “ಮೊದಲು ಕಾಯಿಲೆ ಹೋಗಲಿ. ಆ ಮಾತು ಆಮೇಲೆ.”

ಗದರಿದವರು ಕೆಟ್ಟವರೇನೂ ಅಲ್ಲ. ಅವರ ಮನೆಗಳಲ್ಲೂ ಮಕ್ಕಳು ಮಲಗಿದ್ದರು. ಹೆದರಿದವರಿಗೆ ಎದುರಿಗೆ ಕಂಡದ್ದಷ್ಟೇ ಕಾಣುತ್ತದೆ. ಮರುದಿನ ವ್ಯಾಪಾರಿ ಚಾವಡಿಯ ಮುಂದೆ ಒಂದು ಅರವಟ್ಟಿಗೆ ಇಡಿಸಿದ. ಬೆಲ್ಲದ ಪಾನಕ, ಕೇಳಿದವರಿಗೆಲ್ಲ ಪುಕ್ಕಟೆ. ನೀರು ಮಾತ್ರ ಅದೇ ಕೆರೆಯದು. ಎಂಥ ಧರ್ಮಾತ್ಮ ಎಂದು ಜನ ಕೈ ಮುಗಿದು ಕುಡಿದರು.

ಆ ಹೆಂಗಸು ಪಾನಕ ಮುಟ್ಟಲಿಲ್ಲ. ಮಗಳ ಪಕ್ಕದಲ್ಲಿ ಕೂತಿದ್ದಳು. ಮಗಳ ತುಟಿ ಒಣಗಿ, ಕಣ್ಣು ಗುಳಿಬಿದ್ದಿತ್ತು. “ಅವ್ವಾ, ನೀರು” ಎಂದಳು. ಮನೆಯಲ್ಲಿದ್ದದ್ದು ಒಂದು ಕೊಡ, ಅದೂ ಕೆರೆಯ ನೀರು. ಬೇರೆ ನೀರಿಗೆ ಒಂದು ದಿನದ ದಾರಿ. ತಾಯಿ ಚೊಂಬು ತುಂಬಿಕೊಂಡು ಮಗಳ ಬಾಯಿಯ ಹತ್ತಿರ ತಂದು ಹಾಗೇ ಹಿಡಿದುಕೊಂಡಳು. ಕೊಡಲು ಭಯ, ಕೊಡದಿರಲೂ ಭಯ. ಮಗಳು ಮತ್ತೆ ನೀರು ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

“ಕೊಟ್ಟಳೇ, ಬುದ್ಧೀ?”

“ಕೊಟ್ಟಳು. ನೀರು ಕೇಳುವ ಮಗುವಿಗೆ ಎಷ್ಟು ಹೊತ್ತು ಇಲ್ಲ ಎನ್ನುತ್ತಾಳೆ? ಮಗು ಉಳಿಯಲಿಲ್ಲ. ಕಾಯಿಲೆ ಸಾಕಷ್ಟು ಜನರನ್ನು ತೆಗೆದುಕೊಂಡು ತಾನಾಗಿಯೇ ಹೋಯಿತು. ‘ಆ ಮಾತು ಆಮೇಲೆ’ ಎಂದಿದ್ದ ಹಿರಿಯರು ಊರೂಟದ ಮಾತನ್ನು ಇನ್ನೂ ಎತ್ತಿಲ್ಲ.”

ಮರುಳಯ್ಯ ಕಣ್ಣೊರೆಸಿಕೊಂಡ. “ಪಾಪದ ಜನ. ಯಾರ ಅನ್ನ ತಿನ್ನುತ್ತಿದ್ದೇವೆ ಎಂದು ಅವರು ಮೊದಲೇ ಯೋಚಿಸಬೇಕಿತ್ತು.”

ಗುರುಗಳು ಕಂಬದ ಬದಿಯ ಜೋಳಿಗೆಯನ್ನು ಎಳೆದು ಅವನ ಮುಂದಿಟ್ಟರು.

“ಊರಿನ ಬಾಗಿಲೆಲ್ಲ ಮುಚ್ಚಿರುವಾಗ ಇದನ್ನು ತುಂಬಿಸಿ, ‘ಇದು ಆ ಮಾತಿಗೆ ಕಾಲವೇ’ ಎಂಬ ಪ್ರಶ್ನೆಯನ್ನೂ ಜೊತೆಗೆ ಕೊಟ್ಟು ಕಳಿಸಿದವರು ಯಾರಪ್ಪ?”