ದಪ್ಪ ಪುಸ್ತಕಕ್ಕೆ ಡಬ್ಬ ಬಡಿದ ಸಿದ್ದ

ಹೂಂ ಅನ್ನೋರಿದ್ದರೆ ಕತೆ, ಇಲ್ಲದಿದ್ದರೆ ನಿದ್ದೆ. ಹೂಂ ಅಂತೀರಾ? ಹಾಗಾದರೆ ಕೇಳಿ.

ಒಂದು ಪೇಟೆಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬ ಟೀಚರಮ್ಮ. ಊರ ಮಂದಿಗೆಲ್ಲ ಅಕ್ಷರ ಕಲಿಸಿದವಳು. ಸಂಜೆಯಾದರೆ ಬೀಡಿ ಕಟ್ಟುವ ಹೆಂಗಸರನ್ನು ಜಗಲಿಯಲ್ಲಿ ಕೂರಿಸಿಕೊಂಡು ಅ ಆ ಇ ಈ ತಿದ್ದಿಸುವವಳು. ಆದರೆ ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಅವಳ ಒಬ್ಬನೇ ಮಗ ಸಿದ್ದ ಶುದ್ಧ ಪೆದ್ದ. "ಹಾಲಿನ ಮೇಲೆ ಕಣ್ಣಿಡೋ" ಅಂದರೆ ಪಾತ್ರೆಗೆ ಮುಖ ಕೊಟ್ಟು ಹುಬ್ಬು ಸುಟ್ಟುಕೊಳ್ಳುವವನು. "ನಿನ್ನ ಕಟ್ಟಿಕೊಂಡು ನಾನು ಏನು ಮಾಡ್ಲೋ!" ಅಂತ ಅವಳು ಹಣೆ ಚಚ್ಚಿಕೊಂಡರೆ, "ಬಿಚ್ಚಿಬಿಡಮ್ಮ" ಅನ್ನುವವನು.

ಟೀಚರಮ್ಮ ಒಂದು ಮನೆ ಕಂಪ್ಯೂಟರು ತಂದಳು. ಗುಂಡಿಗಳಿರುವ ಒಂದು ಪೆಟ್ಟಿಗೆ, ಅದನ್ನು ಟೀವಿಗೆ ಸಿಕ್ಕಿಸಬೇಕು. ಗುಂಡಿ ಒತ್ತಿದರೆ ಟೀವಿಯಲ್ಲಿ ಅಕ್ಷರ. ಯಾವ ಅಕ್ಷರ? ಬರೀ ಇಂಗ್ಲಿಷು! ತನ್ನ ಹೆಂಗಸರಿಗೆ ಟೀವಿಯಲ್ಲಿ ಅ ಆ ತೋರಿಸಬೇಕು ಅಂತ ಅವಳ ಆಸೆ. ಚೌಕಳಿ ಕಾಗದದಲ್ಲಿ ಒಂದೊಂದೇ ಅಕ್ಷರ ಬರೆದೂ ಇಟ್ಟಿದ್ದಳು. ಪೆಟ್ಟಿಗೆಯೊಳಗೆ ಅಕ್ಷರಗಳು ಯಾವ ಮನೆಯಲ್ಲಿ ಕೂತಿವೆ ಅಂತ ತಿಳಿದರೆ ಸಾಕು, ಅಲ್ಲಿ ಕನ್ನಡ ಕೂರಿಸಬಹುದು. ಆ ಮನೆ ನಂಬರು ಇರುವುದು ದಪ್ಪ ಪುಸ್ತಕದಲ್ಲಿ. ಪೆಟ್ಟಿಗೆ ಜೊತೆ ಕೊಟ್ಟದ್ದು ತೆಳ್ಳನೆ ಪುಸ್ತಕ: ಹಚ್ಚೋದು ಹೇಗೆ, ಆರಿಸೋದು ಹೇಗೆ, ಮುಗೀತು. ದಪ್ಪ ಪುಸ್ತಕ, ಪೆಟ್ಟಿಗೆ ಮಾರಿದ ಏಜೆಂಟ್ ಧರಣಪ್ಪನ ಅಂಗಡಿಯ ಗಾಜಿನ ಬೀರುವಿನಲ್ಲಿ, ಬೀಗದೊಳಗೆ ಕೂತಿತ್ತು.

"ಲೋ ಸಿದ್ದ, ಕನ್ನಡ ಬಂದ್ರೆ ಮೊದಲು ನಿನ್ನ ಹೆಸರೇ ಬರೀತೀನಿ. ಹೋಗು, ಆ ದಪ್ಪ ಪುಸ್ತಕ ಕೇಳ್ಕೊಂಡು ಬಾ."

ಟೀವಿಯಲ್ಲಿ ತನ್ನ ಹೆಸರು! ಸಿದ್ದ ಒಂದೇ ಉಸಿರಿಗೆ ಅಂಗಡಿಗೆ ಓಡಿದ. ಬೀರುವಿನ ಗಾಜಿಗೆ ಬಾಯಿ ಹಚ್ಚಿ, "ಪುಸ್ತಕಾ, ಏ ಪುಸ್ತಕಾ! ಅಕ್ಷರದ ಮನೆ ಎಲ್ಲಿ? ಅಮ್ಮ ಕೇಳ್ತಾವ್ಳೆ!" ಅಂತ ಕೂಗಿದ. ಪುಸ್ತಕ ಸುಮ್ಮನಿತ್ತು. ಧರಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿದ್ದ ಮನೆಗೆ ಬಂದ.

"ಕೇಳಿದೆ ಕಣಮ್ಮ. ಅದು ಮಾತೇ ಆಡ್ಲಿಲ್ಲ."

"ಅಯ್ಯೋ ಪೆದ್ದ ಮುಂಡೇದೆ! ಪುಸ್ತಕಾನ ಕೇಳ್ತಾರೇನೋ? ಏಜೆಂಟ್ರನ್ನ ಕೇಳಬೇಕು! ಕೊಡಲ್ಲ ಅಂದ್ರೆ ಕಾಲು ಹಿಡ್ಕೊಂಡಾದ್ರೂ ಕೇಳು. ಬಿಡಬೇಡ!"

"ಬಿಡಲ್ಲ ಕಣಮ್ಮ."

ಹೋದ. ಕೇಳಿದ. ಧರಣಪ್ಪ ಕೊಡಲ್ಲ ಅಂದ. ಸಿದ್ದ ಗಬಕ್ಕನೆ ಅವನ ಕಾಲು ಹಿಡಿದ. ಗಿರಾಕಿ ಬಂದರೂ ಬಿಡಲಿಲ್ಲ, ಫೋನು ಬಂದರೂ ಬಿಡಲಿಲ್ಲ. ಧರಣಪ್ಪ ಒಂಟಿ ಕಾಲಲ್ಲಿ ಅಂಗಡಿಯೆಲ್ಲ ಕುಂಟಿದ.

"ಕಾಲು ಬಿಡೋ!"

"ಪುಸ್ತಕ ಕೊಡಿ ಸಾರ್!"

"ಅದು ಕಂಪನಿ ಗುಟ್ಟು ಕಣೋ! ಕಂಡಕಂಡೋರೆಲ್ಲ ಓದೋಕಲ್ಲ! ಕನ್ನಡ ಯಾಕಂತೆ? ಇರೋದ್ರಲ್ಲೇ ಸುಧಾರಿಸ್ಕೊ ಅಂತ ಹೇಳು ನಿಮ್ಮಮ್ಮಂಗೆ!" ಅಂತ ಕಾಲು ಕೊಡವಿಕೊಂಡ.

ಸಿದ್ದ ಧರಣಪ್ಪನ ಒಂದು ಚಪ್ಪಲಿ ಹಿಡಿದು ಮನೆಗೆ ಬಂದ. "ಕಾಲು ಕಿತ್ಕೊಂಡ್ರು ಕಣಮ್ಮ. ಇದು ಉಳೀತು. ಇರೋದ್ರಲ್ಲೇ ಸುಧಾರಿಸ್ಕೋಬೇಕಂತೆ."

ಟೀಚರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮೊದಲು ಮಗನ ಮೇಲೆ, ಆಮೇಲೆ ಏಜೆಂಟನ ಮೇಲೆ, ಕೊನೆಗೆ ತನ್ನ ಮೇಲೇ. "ಕಾಲು ಹಿಡಿ ಅಂದೆನಲ್ಲ, ನನಗೆ ಬುದ್ಧಿ ಇಲ್ಲ. ಪೆಟ್ಟಿಗೆ ನಮ್ದು. ಅದರೊಳಗೆ ಏನೈತೆ ಅಂತ ತಿಳ್ಕೊಳ್ಳೋಕೆ ಯಾರ ಕಾಲು ಯಾಕೆ ಹಿಡೀಬೇಕು? ಮೊದಲು ಆ ಚಪ್ಪಲಿ ಕೊಟ್ಟು ಬಾ. ಈ ಸಲ ತಲೆ ಎತ್ಕೊಂಡು ಹೋಗು! ಏನೇ ಆದ್ರೂ ತಲೆ ತಗ್ಗಿಸಬೇಡ!"

"ತಗ್ಗಿಸಲ್ಲ ಕಣಮ್ಮ."

ಸಿದ್ದ ತಲೆ ಎತ್ತಿದ. ಎಷ್ಟು ಎತ್ತಿದ ಅಂದರೆ ಆಕಾಶ ಬಿಟ್ಟು ಬೇರೇನೂ ಕಾಣದು. ಎಮ್ಮೆಗೆ ಡಿಕ್ಕಿ, ತಗ್ಗಿಸಲಿಲ್ಲ. ಕಂಬಕ್ಕೆ ಡಿಕ್ಕಿ, ತಗ್ಗಿಸಲಿಲ್ಲ. ಅಂಗಡಿಗೆ ನುಗ್ಗಿ ನೆಟ್ಟಗೆ ಬೀರುವಿಗೆ ಡಿಕ್ಕಿ ಹೊಡೆದ. ಫಳಾರ್! ಗಾಜು ಚೂರುಚೂರು. ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ದಪ್ಪ ಪುಸ್ತಕ ದೊಪ್ಪನೆ ಬಂದು ಅವನ ಕಾಲ ಬಳಿ ಬಿತ್ತು.

ಧರಣಪ್ಪ ತಲೆ ಮೇಲೆ ಕೈ ಹೊತ್ತು ಅರಚಿದ: "ಮಾಡ್ದೆಯಲ್ಲೋ ಪುಣ್ಯಾತ್ಮ! ಇನ್ನೇನು ಉಳೀತು? ತಗೊಂಡು ಹೋಗು! ಊರಿಗೆಲ್ಲ ಡಂಗುರ ಸಾರು ಹೋಗು!"

"ಸರಿ ಸಾರ್" ಅಂದ ಸಿದ್ದ. ಚಪ್ಪಲಿ ಇಟ್ಟ, ಪುಸ್ತಕ ಎತ್ತಿಕೊಂಡ.

ಡಂಗುರ ಎಲ್ಲಿಂದ ತರಬೇಕು? ಮನೆಯ ಹಿಟ್ಟಿನ ಡಬ್ಬ ಇತ್ತಲ್ಲ! ಬಸ್ ಸ್ಟ್ಯಾಂಡಿನ ಮುಂದೆ ನಿಂತು ಡಬಡಬ ಬಡಿದ. ಹಿಟ್ಟು ಹಾರಿ ಮುಖವೆಲ್ಲ ಬೆಳ್ಳಗಾಯಿತು. "ಕೇಳ್ರಪ್ಪೋ ಕೇಳಿ! ಏಜೆಂಟ್ರು ಡಂಗುರ ಸಾರು ಅಂದವ್ರೆ!" ಅಂತ ಮೊದಲ ಪುಟದಿಂದ ಶುರು ಮಾಡಿದ. ಇಂಗ್ಲಿಷನ್ನು ಕೂಡಿಸಿ ಓದಲು ಬಾರದು. ಒಂದೊಂದೇ ಅಕ್ಷರ, ಒಂದೊಂದೇ ಅಂಕಿ. ಚುಕ್ಕಿ ಬಂದರೆ "ಚುಕ್ಕಿ" ಅಂತಲೂ ಕೂಗಿದ.

ಮೊದಮೊದಲು ಜನ ನಕ್ಕರು. ಆಮೇಲೆ ಸೈಕಲ್ ಶಾಪಿನ ಅನ್ವರ್ ಪೆನ್ಸಿಲ್ ತೆಗೆದ. ಅವನ ಮನೆಯಲ್ಲೂ ಅದೇ ಪೆಟ್ಟಿಗೆ. "ನಿಧಾನಕ್ಕೆ ಓದಪ್ಪಾ ಸಿದ್ದ!" ಅಂದ. ನರ್ಸ್ ಫಿಲೋಮಿನಾ ಔಷಧಿ ಚೀಟಿಯ ಹಿಂದೆ ಬರೆದುಕೊಂಡಳು. ಪೆಟ್ಟಿಗೆ ಕೊಂಡವರೆಲ್ಲ ಓಡಿ ಬಂದರು. ಗದ್ದಲ ಕೇಳಿ ಟೀಚರಮ್ಮನೂ ಸ್ಲೇಟು ಹಿಡಿದು ಬಂದಳು, ಹಿಂದೆ ಬೀಡಿ ಹೆಂಗಸರು. ಬೈಯೋಣ ಅಂತ ಬಾಯಿ ತೆರೆದವಳಿಗೆ ಅಕ್ಷರದ ಮನೆ ನಂಬರು ಕಿವಿಗೆ ಬಿತ್ತು. ಬೈಗುಳ ನುಂಗಿ ಸ್ಲೇಟಿನ ಮೇಲೆ ಬರೆದುಕೊಂಡಳು.

ಧರಣಪ್ಪ ಏದುಸಿರು ಬಿಡುತ್ತ ಬಂದ. "ನಿಲ್ಸೋ! ನಿಲ್ಸೋ! ಯಾರೋ ನಿಂಗೆ ಹೇಳ್ದೋರು?"

"ನೀವೇ ಸಾರ್."

ಜನ ಘೊಳ್ಳೆಂದರು. ಅವನು ಸಿದ್ದನ ಮೇಲೆ ಕೈ ಎತ್ತಿದ. ಟೀಚರಮ್ಮ ನಡುವೆ ಬಂದು ನಿಂತಳು.

"ಇಳಿಸ್ರಿ ಕೈನ! ಗಾಜು ಒಡ್ದಿದ್ದು ತಪ್ಪು, ಹಾಕಿಸಿ ಕೊಡ್ತೀನಿ. ಓದಿದ್ದು ಯಾವ ತಪ್ಪು? ನಮಗೆ ಮನೆ ಮಾರಿ ಬಾಗಿಲು ನೀವು ಇಟ್ಕೊಂಡ್ರೆ ಹೆಂಗೆ ಧರಣಪ್ಪನೋರೇ? ಕನ್ನಡ ಯಾಕೆ ಅಂದ್ರಂತಲ್ಲ, ಈ ಹೆಂಗಸರ ಮುಖ ನೋಡ್ಕೊಂಡು ಇನ್ನೊಂದ್ಸಲ ಅನ್ನಿ, ನೋಡಾಣ!"

ಹೆಂಗಸರೆಲ್ಲ ಸೊಂಟಕ್ಕೆ ಕೈಯಿಟ್ಟು ನೋಡಿದರು. ಧರಣಪ್ಪ ಎತ್ತಿದ ಕೈ ಇಳಿಸಿದ. ಪುಸ್ತಕ ಕಿತ್ತುಕೊಂಡ. ಆದರೂ ಹೊಟ್ಟೆಯುರಿ ತಣಿಯಲಿಲ್ಲ. "ಪುಸ್ತಕ ಒಂದೇ ಅಲ್ಲ, ಓದಿದ್ದೂ ವಾಪಸ್ ಕೊಡಬೇಕು! ಒಂದಕ್ಷರ ಬಿಡದೆ ವಾಪಸ್ ಕೊಡಬೇಕು!" ಅಂತ ಕಿರುಚಿ ಹೋದ.

ಅಯ್ಯೋ, ಆ ಮಾತು ಆಡಬಾರದಿತ್ತು! ಸಿದ್ದ ಮತ್ತೆ ಡಬ್ಬ ಬಡಿದ. "ಏಜೆಂಟ್ರು ಓದಿದ್ದು ವಾಪಸ್ ಕೇಳ್ತಾವ್ರೆ! ಬನ್ರಪ್ಪೋ, ಕೊಡಾಣ!" ಎಲ್ಲರನ್ನೂ ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದ. ಅನ್ವರ್ ಬರೆದುಕೊಂಡದ್ದನ್ನು ಅನ್ವರ್ ಗಟ್ಟಿಯಾಗಿ ಓದಿದ, ಫಿಲೋಮಿನಾ ಬರೆದದ್ದನ್ನು ಫಿಲೋಮಿನಾ ಓದಿದಳು. ಒಬ್ಬರು ಓದುವಾಗ ಮಿಕ್ಕವರು ತಮಗೆ ತಪ್ಪಿಹೋಗಿದ್ದನ್ನು ಬರೆದುಕೊಂಡರು. ಒಂದಕ್ಷರ ಬಿಡದೆ ಎಲ್ಲವೂ ವಾಪಸ್ ಆಯಿತು. ಒಂದಕ್ಷರ ಬಿಡದೆ ಎಲ್ಲರ ಹತ್ತಿರವೂ ಉಳಿಯಿತು. ಧರಣಪ್ಪ ಕಿವಿ ಮುಚ್ಚಿಕೊಂಡು ಬಾಗಿಲು ಎಳೆದುಕೊಂಡ.

ಟೀಚರಮ್ಮ ಮನೆಗೆ ಬಂದು ಪೆಟ್ಟಿಗೆ ಮುಂದೆ ಕೂತಳು. ಗುಂಡಿ ಒತ್ತಿದಳು, ತಿದ್ದಿದಳು, ಮತ್ತೆ ಒತ್ತಿದಳು. ಜಗಲಿ ತುಂಬ ಜನ. ಟೀವಿಯಲ್ಲಿ ಮೊದಲು ಒಂದು ಸಿ ಮೂಡಿತು, ಪಕ್ಕದಲ್ಲಿ ಒಂದು ದ. ಹೆಂಗಸರು ಕೇಕೆ ಹಾಕಿದರು. ಟೀಚರಮ್ಮನ ಕಣ್ಣಲ್ಲಿ ನೀರು ಬಂತು.

ಸಿದ್ದನ ಮುಖ ಮಾತ್ರ ಸಪ್ಪೆಯಾಯಿತು. "ಅಮ್ಮ, ಇದು ಸಿದ. ನಾನು ಸಿದ್ದ."

"ಹೌದು ಕಣೋ ಬಂಗಾರ. ದ ಕೆಳಗೆ ಒತ್ತು ಕೊಟ್ರೆ ಸರಿಹೋಯ್ತದೆ" ಅಂತ ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಒರೆಸಿಕೊಂಡು ನೋಡುತ್ತಾಳೆ, ಮಗ ಟೀವಿ ಗಾಜಿನ ಮೇಲೆ, ದ ಕೆಳಗೆ, ಹೆಬ್ಬೆರಳಿಟ್ಟು ಹಲ್ಲು ಕಚ್ಚಿ ಒತ್ತುತ್ತಿದ್ದಾನೆ!

"ಬಿಡೋ ಪೆದ್ದ!"

"ಬಿಡಲ್ಲ ಕಣಮ್ಮ! ನನ್ನ ಹೆಸರು ಪೂರ್ತಿ ಬರೋಗಂಟ ಬಿಡಲ್ಲ!"